ಹೊಳೆಯ ಮಾತು ಕೇಳಿ ಹೊರಡುವ ರಜೆ

ಕಂಪ್ಲಿ ತಾಲ್ಲೂಕಿನ ಮೆಟ್ರಿ ಹೊಳೆದಂಡೆಯ ಊರಲ್ಲ. ಆದರೂ ಮಳೆಗಾಲದ ಬೆಳಿಗ್ಗೆ ಇಲ್ಲಿ ಚಹಾ ಅಂಗಡಿಯ ಮುಂದೆ ನಿಂತರೆ ಕಿವಿಗೆ ಬೀಳುವುದು ಹೊಳೆಯ ಮಾತೇ. ಡ್ಯಾಂ ಎಷ್ಟು ತುಂಬಿತು? ಎಷ್ಟು ಗೇಟು ಎತ್ತಿದ್ದಾರೆ? ಕಂಪ್ಲಿ ಸೇತುವೆ ಮೇಲೆ ಬಸ್ಸು ಬಿಟ್ಟಿದ್ದಾರಾ? ಗದ್ದೆಗೆ ನೀರು ಬೇಕಾದವರು, ಗಂಗಾವತಿಯಲ್ಲಿ ಕೆಲಸ ಇರುವವರು, ಹೊಳೆಯಾಚೆ ಬೀಗತನ ಬೆಳೆಸಿದವರು ಎಲ್ಲರೂ ಕೇಳುವ ಪ್ರಶ್ನೆಗಳಿವು. ರಜೆಯನ್ನು ತುಂಗಭದ್ರೆಯ ನಡುಗಡ್ಡೆಗಳಲ್ಲಿ ಕಳೆಯಬೇಕು ಎಂದುಕೊಳ್ಳುವವರೂ ಮೊದಲು ಕೇಳಬೇಕಾದದ್ದು ಇವನ್ನೇ.

ದ್ವೀಪದಲ್ಲಿ ರಜೆ ಎಂದೊಡನೆ ಮನಸ್ಸು ದೂರಕ್ಕೆ ಓಡುತ್ತದೆ. ನಮ್ಮ ಹಿರಿಯರಿಗೆ ವೆಸ್ಟ್ ಇಂಡೀಸಿನ ದ್ವೀಪಗಳ ಹೆಸರು ಗೊತ್ತಾದದ್ದು ಕ್ರಿಕೆಟ್ಟಿನಿಂದ. 1976ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಭಾರತ ನಾನೂರಕ್ಕೂ ಹೆಚ್ಚು ರನ್ ಬೆನ್ನಟ್ಟಿ ಗೆದ್ದಾಗ ನಮ್ಮ ಜಿ.ಆರ್. ವಿಶ್ವನಾಥ್ ಶತಕ ಹೊಡೆದಿದ್ದರು. ಆ ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪಗಳಿಗೆ ಹೊರಡುವವರು ಹೋಟೆಲು, ವಿಮಾನಕ್ಕಿಂತ ಮೊದಲು ತಿಂಗಳು ನೋಡುತ್ತಾರೆ. ಜೂನ್ 1ರಿಂದ ನವೆಂಬರ್ 30ರವರೆಗೆ ಅಲ್ಲಿ ಚಂಡಮಾರುತದ ಕಾಲ. 2024ರ ಜುಲೈ 1ರಂದು ಬೆರಿಲ್ ಎಂಬ ಚಂಡಮಾರುತ ಗ್ರೆನಡಾ ದೇಶಕ್ಕೆ ಸೇರಿದ ಕ್ಯಾರಿಯಾಕು ದ್ವೀಪದ ಬಹುಪಾಲು ಮನೆಗಳನ್ನು ಹಾಳುಗೆಡವಿತು. ಅದೇ ವರ್ಷ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಕಂಪ್ಲಿಯಿಂದ ಕೆಳಗಿನ ಊರುಗಳವರೆಗೆ ಜನ ನಿದ್ದೆಗೆಟ್ಟರು. ಸಮುದ್ರವಿರಲಿ, ಹೊಳೆಯಿರಲಿ, ಸುತ್ತ ನೀರಿರುವ ನೆಲಕ್ಕೆ ಹೋಗುವ ದಿನವನ್ನು ಗೊತ್ತುಮಾಡುವುದು ನೀರೇ.

ಮೆಟ್ರಿಯಿಂದ ಬೆಳಿಗ್ಗೆ ಹೊರಟರೆ ಕತ್ತಲಾಗುವುದರೊಳಗೆ ಮುಟ್ಟಿ ಬರಬಹುದಾದ ಎರಡು ನಡುಗಡ್ಡೆಗಳಿವೆ. ಒಂದು ಆನೆಗೊಂದಿಯ ನವಬೃಂದಾವನ. ಇನ್ನೊಂದು ಹಂಪಿಯ ವಿರೂಪಾಕ್ಷ ಗುಡಿಯ ಎದುರು ದಂಡೆಗೆ ಕಾಣುವ ವಿರೂಪಾಪುರ ಗಡ್ಡೆ. ಒಂದರಲ್ಲಿ ಯತಿಗಳ ಬೃಂದಾವನಗಳಿವೆ, ಇನ್ನೊಂದರಲ್ಲಿ ಭತ್ತದ ಗದ್ದೆಗಳಿವೆ. ಎರಡನ್ನೂ ಕಂಡುಬರುವ ದಾರಿಯನ್ನು, ಆ ದಾರಿಗೆ ಬೇಕಾದ ತಯಾರಿಯನ್ನು ಇಲ್ಲಿ ಹೇಳುತ್ತೇನೆ.

ಲೆಕ್ಕ ಶುರುವಾಗುವುದು ಗೇಟಿನಿಂದ

ನಕ್ಷೆ ಹರಡುವ ಮೊದಲು ಅಣೆಕಟ್ಟೆಯ ಕಡೆ ನೋಡಬೇಕು. 1953ರಲ್ಲಿ ಕಟ್ಟಿ ಮುಗಿದ ತುಂಗಭದ್ರಾ ಜಲಾಶಯಕ್ಕೆ 33 ಗೇಟುಗಳು. ತುಂಬಿದಾಗಿನ ಮಟ್ಟ 1,633 ಅಡಿ. ಕಟ್ಟಿದಾಗ 133 ಟಿಎಂಸಿ ಅಡಿ ನೀರು ಹಿಡಿಯುತ್ತಿದ್ದ ಜಲಾಶಯ, ಹೂಳು ತುಂಬಿ ಈಗ ಸುಮಾರು 105 ಟಿಎಂಸಿ ಅಡಿಗೆ ಇಳಿದಿದೆ. ಹಿಡಿಯುವ ಜಾಗ ಕಡಿಮೆಯಾದಷ್ಟೂ ಮಲೆನಾಡಿನಲ್ಲಿ ಮಳೆ ಜೋರಾದಾಗ ನೀರನ್ನು ಬೇಗ ಹೊಳೆಗೆ ಬಿಡಬೇಕಾಗುತ್ತದೆ. ಶೃಂಗೇರಿ, ತೀರ್ಥಹಳ್ಳಿ ಕಡೆ ಬಿದ್ದ ಮಳೆ ಕೆಲವೇ ದಿನಗಳಲ್ಲಿ ಹಂಪಿಯ ಬಂಡೆಗಳ ನಡುವೆ ನುಗ್ಗುತ್ತದೆ. ಮೆಟ್ರಿಯಲ್ಲಿ ಬಿಸಿಲಿದ್ದರೂ ಆನೆಗೊಂದಿಯಲ್ಲಿ ಹರಿಗೋಲು ನಿಂತಿರಬಹುದು.

ಪತ್ರಿಕೆಯಲ್ಲಿ ದಿನವೂ ಬರುವ ಹೊರಹರಿವಿನ ಅಂಕಿಯನ್ನು ಓದಲು ಕಲಿತರೆ ಅರ್ಧ ಯೋಜನೆ ಮುಗಿದಂತೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರು. ಒಂದು ಲಕ್ಷ ಕ್ಯೂಸೆಕ್ ಬಿಟ್ಟಿದ್ದಾರೆ ಎಂದರೆ ಪ್ರತಿ ಸೆಕೆಂಡಿಗೆ 28 ಲಕ್ಷ ಲೀಟರ್ ನೀರು ಹಂಪಿಯ ಕಲ್ಲುಗಳನ್ನು ಹಾಯುತ್ತಿದೆ ಎಂದು ಅರ್ಥ. ಅಷ್ಟು ನೀರು ಬಂದಾಗ ಹಂಪಿಯ ಪುರಂದರ ಮಂಟಪ ಮುಳುಗುತ್ತದೆ, ಆನೆಗೊಂದಿಯ ಬಳಿ ಹೊಳೆಯಲ್ಲಿರುವ 64 ಕಂಬದ ಮಂಟಪವನ್ನೂ ನೀರು ಸುತ್ತುವರಿಯುತ್ತದೆ. ಇನ್ನೂ ಹೆಚ್ಚಾದರೆ ಕಂಪ್ಲಿ ಸೇತುವೆಯ ಮೇಲೆಯೇ ನೀರು ಹರಿಯುತ್ತದೆ. ಪುರಂದರ ಮಂಟಪ ಮುಳುಗಿದ ಚಿತ್ರ ಪತ್ರಿಕೆಯಲ್ಲಿ ಕಂಡ ವಾರ ನಡುಗಡ್ಡೆಯ ಆಸೆಯನ್ನು ಪಕ್ಕಕ್ಕಿಡಬೇಕು.

2024ರ ಆಗಸ್ಟಿನಲ್ಲಿ ಗೇಟು ಹೋದಾಗ ಜಲಾಶಯ ತುಂಬಿತ್ತು. ಒತ್ತಡ ಇಳಿಸಲು ಉಳಿದ ಗೇಟುಗಳಿಂದಲೂ ನೀರು ಬಿಡಬೇಕಾಯಿತು. ಒಂದು ವಾರದಲ್ಲಿ, ನೀರು ಹರಿಯುತ್ತಿರುವಾಗಲೇ, ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಎಂಜಿನಿಯರುಗಳೂ ಕಾರ್ಮಿಕರೂ ಉಕ್ಕಿನ ತಡೆಹಲಗೆ (ಸ್ಟಾಪ್‌ಲಾಗ್) ಕೂರಿಸಿ ಗೇಟಿನ ಬಾಯಿ ಮುಚ್ಚಿದರು. ಈ ಸೀಮೆಯ ರೈತರ ಬೆಳೆ ಉಳಿದದ್ದು ಆ ಕೆಲಸದಿಂದ. ಹೊಳೆಯಾಚೆ ವಿಹಾರಕ್ಕೆ ಹೋಗುವ ನಾವು ಆ ಗೇಟುಗಳನ್ನು ಕಾಯುವವರನ್ನು ನೆನೆಯುವುದು ನ್ಯಾಯ.

ತಿಂಗಳ ಲೆಕ್ಕ ಹೀಗಿದೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಹೊಳೆ ಯಾವ ಹೊತ್ತಿಗೂ ಏರಬಹುದು, ಊರಲ್ಲೂ ಭತ್ತದ ನಾಟಿಯ ಕಾಲ. ಅಕ್ಟೋಬರಿನಲ್ಲಿ ಮಕ್ಕಳಿಗೆ ದಸರಾ ರಜೆ ಬರುತ್ತದೆ. ಹಿಂಗಾರಿ ಮಳೆ ಜೋರಿಲ್ಲದ ವರ್ಷ ಆಗ ಹೋಗಬಹುದು, ಆದರೆ ಹಿಂದಿನ ದಿನ ವಿಚಾರಿಸಿಯೇ ಹೊರಡಬೇಕು. ಭತ್ತದ ಕೊಯ್ಲು ಮುಗಿದು ಕೈ ಬಿಡುವಾಗುವ ಡಿಸೆಂಬರ್ ಕೊನೆಯಿಂದ ಫೆಬ್ರುವರಿವರೆಗೆ ಹೊಳೆಯೂ ತಣ್ಣಗಿರುತ್ತದೆ, ಬಿಸಿಲೂ ಹದವಾಗಿರುತ್ತದೆ. ಮಾರ್ಚ್ ದಾಟಿದರೆ ಹಂಪಿಯ ಬಂಡೆ ಕಾದು ಮಧ್ಯಾಹ್ನ ನಡೆಯಲಾಗದು. ರೈತ ಕುಟುಂಬದ ಬಿಡುವೂ ಹೊಳೆಯ ಬಿಡುವೂ ಒಂದೇ ಕಾಲಕ್ಕೆ ಬರುವುದು ಈ ಸೀಮೆಯ ಭಾಗ್ಯ.

ಇನ್ನೊಂದು ವಿಷಯ ನೆನಪಿರಲಿ. ಮೆಟ್ರಿ ಇರುವುದು ಬಳ್ಳಾರಿ ಜಿಲ್ಲೆಯಲ್ಲಿ. ಅಣೆಕಟ್ಟೆಯ ಹೊಸಪೇಟೆಯೂ ಹಂಪಿಯೂ 2021ರಲ್ಲಿ ಆದ ವಿಜಯನಗರ ಜಿಲ್ಲೆಯಲ್ಲಿವೆ. ಎರಡೂ ನಡುಗಡ್ಡೆಗಳು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿಗೆ ಸೇರಿವೆ. ಒಂದು ದಿನದ ತಿರುಗಾಟದಲ್ಲಿ ಮೂರು ಜಿಲ್ಲಾಡಳಿತಗಳ ಗಡಿ ದಾಟುತ್ತೇವೆ. ದೋಣಿ ನಿಲ್ಲಿಸುವ, ಸೇತುವೆ ಮುಚ್ಚುವ, ಬೆಟ್ಟಕ್ಕೆ ಬಿಡುವ ಆದೇಶಗಳು ಬೇರೆ ಬೇರೆ ಕಚೇರಿಗಳಿಂದ ಬರುತ್ತವೆ. ಕಂಪ್ಲಿಯಲ್ಲಿ ಕೇಳಿದ ಸುದ್ದಿ ಆನೆಗೊಂದಿಯ ಸುದ್ದಿ ಆಗಿರಬೇಕಿಲ್ಲ. ಆನೆಗೊಂದಿಯಲ್ಲಿ ಪರಿಚಯದವರಿದ್ದರೆ ಹಿಂದಿನ ಸಂಜೆ ಫೋನ್ ಮಾಡಿ, "ಹರಿಗೋಲು ಬಿಟ್ಟಾರೇನು?" ಎಂದು ಕೇಳಿಕೊಳ್ಳುವುದು ಎಲ್ಲಕ್ಕಿಂತ ನಂಬಿಕೆಯ ದಾರಿ.

ಕಂಪ್ಲಿಯ ಸೇತುವೆ, ಬುಕ್ಕಸಾಗರದ ದಾರಿ

ಮೆಟ್ರಿಯಿಂದ ಕಂಪ್ಲಿಗೆ ಬಂದವರು ಊರೊಳಗೆ ಒಗ್ಗಾಣಿ-ಮಿರ್ಚಿ ತಿಂದು ಹೊಳೆಯ ಕಡೆ ನಡೆಯಬೇಕು. ಪೂರ್ತಿ ನೆನೆಯದ ಮಂಡಕ್ಕಿ, ಮೇಲೆ ಪುಟಾಣಿ ಹಿಟ್ಟು, ಪಕ್ಕದಲ್ಲಿ ಬಿಸಿ ಮಿರ್ಚಿ ಇದ್ದರೆ ಮಧ್ಯಾಹ್ನದವರೆಗೆ ಹೊಟ್ಟೆಯ ಚಿಂತೆ ಇಲ್ಲ. 14ನೇ ಶತಮಾನದ ಮೊದಲಲ್ಲಿ ಕಂಪಿಲರಾಯ ಆಳಿದ ನಾಡಿದು. 1327ರಲ್ಲಿ ದೆಹಲಿಯ ಸೈನ್ಯದೆದುರು ಅವನು ಬಿದ್ದ. ಅವನ ಮಗ ಕುಮಾರರಾಮ ಈ ಭಾಗದ ಜನಪದರ ಬಾಯಲ್ಲಿ ಇನ್ನೂ ಬದುಕಿದ್ದಾನೆ. ಕೋಟೆಯ ಕಡೆಯಿಂದ ಇಳಿದರೆ ಗಂಗಾವತಿಗೆ ಹೋಗುವ ಸೇತುವೆ. ಬೇಸಿಗೆಯಲ್ಲಿ ಅದರ ಮೇಲೆ ನಿಂತರೆ ಹೊಳೆ ಎಷ್ಟೋ ಕೆಳಗೆ, ಕಲ್ಲುಗಳ ನಡುವೆ ಕವಲಾಗಿ ಹರಿಯುತ್ತಿರುತ್ತದೆ. ಇದೇ ಸೇತುವೆ ಪ್ರವಾಹದಲ್ಲಿ ಮುಳುಗುತ್ತದೆ ಎಂದರೆ ಹೊಸಬರು ನಂಬುವುದಿಲ್ಲ. 2019ರಲ್ಲಿ ಮುಳುಗಿದ್ದನ್ನು ಇಲ್ಲಿನವರೆಲ್ಲ ಕಂಡಿದ್ದಾರೆ.

ಈ ದಂಡೆಯಲ್ಲಿ ನಿಂತಾಗ ಇನ್ನೊಂದು ಸಂಗತಿ ಗೊತ್ತಿರಬೇಕು. ಕೊಪ್ಪಳ ಜಿಲ್ಲೆಯ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ಹೊಳೆಯನ್ನು 2015ರಲ್ಲಿ ರಾಜ್ಯ ಸರ್ಕಾರ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ದೇಶದಲ್ಲಿ ನೀರುನಾಯಿಗಾಗಿ ಹೀಗೆ ಹೊಳೆಯೊಂದನ್ನು ಕಾಯ್ದಿಟ್ಟದ್ದು ಇದೇ ಮೊದಲು. ನಾವು ಹೋಗುವ ಎರಡೂ ನಡುಗಡ್ಡೆಗಳು ಈ ಮೀಸಲಿನ ನಡುವೆಯೇ ಇವೆ. ನೀರುನಾಯಿಗಳು ಹಿಂಡಾಗಿ ಮೀನು ಬೇಟೆಯಾಡುತ್ತವೆ, ಬಂಡೆಗಳ ಸಂದಿಯಲ್ಲಿ ಮರಿ ಮಾಡುತ್ತವೆ. ಇದೇ ನೀರಿನಲ್ಲಿ ಮೊಸಳೆಗಳೂ ಇವೆ. ಸಿಡಿಮದ್ದು ಹಾಕಿ ಮೀನು ಹಿಡಿಯುವವರು, ದಂಡೆಯಲ್ಲಿ ಬಾಟಲಿ ಒಡೆಯುವವರು ಈ ಪ್ರಾಣಿಗಳಿಗೆ ಮಾಡುವ ಅನ್ಯಾಯ ದೊಡ್ಡದು. ಬೆಳಗಿನ ಹೊತ್ತು ಗದ್ದಲ ಮಾಡದೆ ಕುಳಿತರೆ ಬಂಡೆಯ ಬಳಿ ಕಂದು ತಲೆಗಳು ಏಳುವುದನ್ನು ಮಕ್ಕಳು ಕಾಣಬಹುದು.

ಕಂಪ್ಲಿಯಿಂದ ಆನೆಗೊಂದಿಗೆ ಎರಡು ದಾರಿ. ಸೇತುವೆ ದಾಟಿ ಚಿಕ್ಕಜಂತಕಲ್, ಗಂಗಾವತಿ ಮೇಲೆ ಹೋಗುವುದು ಒಂದು. ದಾಟದೆ ಹೊಸಪೇಟೆಯ ಕಡೆ ಹೊರಟು ರಾಮಸಾಗರ, ಬುಕ್ಕಸಾಗರ ಹಾದು ಕಡೆಬಾಗಿಲಿನ ಸೇತುವೆಯಲ್ಲಿ ಹೊಳೆ ದಾಟುವುದು ಇನ್ನೊಂದು. ನಾನು ಎರಡನೆಯದನ್ನೇ ಆರಿಸುತ್ತೇನೆ. ವಿಜಯನಗರದ ಅರಸರ ಕಾಲದಲ್ಲಿ ತೋಡಿದ ಕಾಲುವೆಗಳು ಈ ದಾರಿಯುದ್ದಕ್ಕೂ ಇನ್ನೂ ಗದ್ದೆಗೆ ನೀರುಣಿಸುತ್ತಿವೆ. ರಾಮಸಾಗರದ ಕಾಲುವೆ, ಕಂಪ್ಲಿಯ ಕಾಲುವೆ, ಹಂಪಿಯೊಳಗಿನ ತುರ್ತು ಕಾಲುವೆ ಎಲ್ಲವೂ ಆ ಪರಂಪರೆಯವೇ. ಅರಮನೆ ಬಿದ್ದು ನಾಲ್ಕೂವರೆ ಶತಮಾನ ಕಳೆದರೂ ಕಾಲುವೆ ನಿಂತಿಲ್ಲ. ಬಾಳೆ, ಕಬ್ಬು, ಭತ್ತದ ಹಸಿರಿನ ಹಿಂದೆ ಬೋಳು ಬಂಡೆಗಳ ಗುಡ್ಡಗಳು ಏಳುವ ಈ ನೋಟವನ್ನು ವಾಹನ ನಿಲ್ಲಿಸಿ ನೋಡಬೇಕು.

ಹೊಳೆಯ ಮೇಲೆ ಸೇತುವೆ ಕಟ್ಟುವುದು ಇಲ್ಲಿ ಸುಲಭದ ವಿಷಯವಾಗಿರಲಿಲ್ಲ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಸ್ಮಾರಕಗಳ ಬಳಿಯೇ ಎದ್ದ ಎರಡು ಸೇತುವೆಗಳ ಕಾಮಗಾರಿಯಿಂದಾಗಿ ಯುನೆಸ್ಕೊ 1999ರಲ್ಲಿ ಅದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಪಟ್ಟಿಯಿಂದ ಹೊರಬಂದದ್ದು 2006ರಲ್ಲಿ. ಆನೆಗೊಂದಿಯ ಬಳಿ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಕೆಲಸಗಾರರು ಪ್ರಾಣ ಕಳೆದುಕೊಂಡರು. ಸ್ಮಾರಕಗಳಿಂದ ದೂರ, ಬುಕ್ಕಸಾಗರದ ಬಳಿ ಸೇತುವೆ ಆದಮೇಲೆ ಎರಡೂ ದಂಡೆಯ ಹಳ್ಳಿಗಳಿಗೆ ಉಸಿರು ಬಂತು. ಶಾಲೆಯ ಮಕ್ಕಳು, ಬಾಣಂತಿಯರು, ಬಾಳೆಯ ಲಾರಿಗಳು ಇಂದು ನಿಶ್ಚಿಂತೆಯಿಂದ ದಾಟುವ ಹೊಳೆಯ ಹಿಂದೆ ಇಷ್ಟು ದೊಡ್ಡ ಕಥೆಯಿದೆ.

ಹರಿಗೋಲಿನಲ್ಲಿ ನವಬೃಂದಾವನಕ್ಕೆ

ಆನೆಗೊಂದಿಯಲ್ಲಿ ಊರ ನಡುವೆ ರಂಗನಾಥನ ಗುಡಿ, ಎದುರಿಗೆ ಗಗನಮಹಲ್. ಬೀದಿ ಹಿಡಿದು ಹೊಳೆಗೆ ಇಳಿದರೆ ಬೋರಲಾಗಿಟ್ಟ ಹರಿಗೋಲುಗಳು ಕಾಣುತ್ತವೆ. ಬಿದಿರಿನ ಸೀಳುಗಳನ್ನು ಹೆಣೆದು, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಡಾಂಬರು ಬಳಿದು ಮಾಡಿದವು. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಜನ ಆನೆಗೊಂದಿಗೆ ದಾಟುವ ಈ ದುಂಡು ದೋಣಿಗಳನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಆಗ ಹೊದಿಕೆ ಚರ್ಮದ್ದು. ಹದಿನೈದು ಇಪ್ಪತ್ತು ಜನರನ್ನು ಒಯ್ಯುತ್ತಿದ್ದವು, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಿದ್ದವು, ನೆಟ್ಟಗೆ ಹೋಗದೆ ಸುತ್ತುತ್ತ ಸಾಗುತ್ತಿದ್ದವು ಎನ್ನುತ್ತಾನೆ. ಐನೂರು ವರ್ಷಗಳಲ್ಲಿ ಬದಲಾದದ್ದು ಹೊದಿಕೆ ಮಾತ್ರ.

ನಾನು ದಂಡೆಗಿಳಿದಾಗ ಒಬ್ಬ ಹಿರಿಯ ಅಂಬಿಗರು ಹರಿಗೋಲಿನ ತಳಕ್ಕೆ ಡಾಂಬರು ಹಚ್ಚುತ್ತಿದ್ದರು. "ಯಜಮಾನ್ರೇ, ನೀರು ಎಷ್ಟಿದ್ರೆ ನಿಲ್ಲಿಸ್ತೀರಿ?" ಎಂದು ಕೇಳಿದೆ. ಅವರು ಕೈಯಿಂದ ಎದುರಿನ ಬಂಡೆ ತೋರಿಸಿ, "ಆ ಕಲ್ಲು ಕಾಣ್ತಾ ಇರಬೇಕ್ರಿ. ಅದು ಮುಳುಗಿದ್ರೆ ಎಷ್ಟು ರೊಕ್ಕ ಕೊಟ್ರೂ ಹುಟ್ಟು ಮುಟ್ಟಂಗಿಲ್ಲ" ಎಂದರು. ಅಣೆಕಟ್ಟೆಯ ಅಂಕಿ ಪತ್ರಿಕೆಯಲ್ಲಿ ಬರುತ್ತದೆ, ಅಂಬಿಗರ ಅಂಕಿ ಬಂಡೆಯ ಮೇಲಿದೆ. ಎರಡೂ ಒಪ್ಪಿದ ದಿನ ಮಾತ್ರ ಹತ್ತಬೇಕು. ಜೀವರಕ್ಷಕ ಜಾಕೆಟ್ ಕೊಡದ ಕಡೆ ಹತ್ತಬಾರದು. ಕೊಟ್ಟರೆ ಸೆಕೆಯೆಂದು ಬಿಚ್ಚಬಾರದು. ಹೆಚ್ಚು ಜನರನ್ನು ತುಂಬಿದ್ದು ಕಂಡರೆ ಮುಂದಿನ ಸರದಿಗೆ ಕಾಯುವುದೇ ಜಾಣತನ. ಹತ್ತಿದ ಮೇಲೆ ಅಂಬಿಗರು ಹೇಳಿದ ಜಾಗದಲ್ಲೇ ಕುಳಿತು, ಫೋಟೊಗಾಗಿ ಎದ್ದು ನಿಲ್ಲದೆ ಇದ್ದರೆ ದಾಟುವಿಕೆ ಹಗುರವಾಗಿ ಮುಗಿಯುತ್ತದೆ.

ನವಬೃಂದಾವನ ಪುಟ್ಟ ಗಡ್ಡೆ. ಮರಗಳ ನಡುವೆ ಒಂಬತ್ತು ಮಾಧ್ವ ಯತಿಗಳ ಬೃಂದಾವನಗಳು. ಮೊದಲನೆಯದು ಮಧ್ವಾಚಾರ್ಯರ ನೇರ ಶಿಷ್ಯ ಪದ್ಮನಾಭತೀರ್ಥರದು, 14ನೇ ಶತಮಾನದ್ದು. ಮಧ್ಯದಲ್ಲಿರುವುದು ವ್ಯಾಸರಾಯರದು. ಕೃಷ್ಣದೇವರಾಯ ಗುರುವೆಂದು ಗೌರವಿಸಿದ, ಪುರಂದರದಾಸರಿಗೂ ಕನಕದಾಸರಿಗೂ ಆಸರೆಯಾಗಿದ್ದ ವ್ಯಾಸರಾಯರು 1539ರಲ್ಲಿ ಬೃಂದಾವನಸ್ಥರಾದರು. ಮಂತ್ರಾಲಯದ ರಾಘವೇಂದ್ರ ಸ್ವಾಮಿಗಳ ಗುರು ಸುಧೀಂದ್ರತೀರ್ಥರ ಬೃಂದಾವನವೂ ಇಲ್ಲಿಯೇ. ದಾಸಸಾಹಿತ್ಯ ಓದಿ ಬೆಳೆದ ಕನ್ನಡಿಗರಿಗೆ ಈ ಗಡ್ಡೆಯ ಮೇಲೆ ಕಾಲಿಡುವುದೆಂದರೆ ಆ ಹಾಡುಗಳ ತವರಿಗೆ ಬಂದಂತೆ.

2019ರ ಜುಲೈನಲ್ಲಿ ನಿಧಿಯ ಆಸೆಗೆ ಬಿದ್ದ ಕಳ್ಳರು ರಾತ್ರೋರಾತ್ರಿ ವ್ಯಾಸರಾಯರ ಬೃಂದಾವನವನ್ನು ಕಿತ್ತುಹಾಕಿದರು. ಸುದ್ದಿ ಹರಡುತ್ತಿದ್ದಂತೆ ಬೇರೆ ಬೇರೆ ಮಠಗಳ ಯತಿಗಳೂ ಭಕ್ತರೂ ಹೊಳೆ ದಾಟಿ ಬಂದು, ಕೂಡಿ ನಿಂತು ಮತ್ತೆ ಕಟ್ಟಿದರು. ಇಲ್ಲಿ ಯಾರು ಆರಾಧನೆ ನಡೆಸಬೇಕೆಂಬ ಬಗ್ಗೆ ಮಠಗಳ ನಡುವೆ ನ್ಯಾಯಾಲಯದವರೆಗೆ ಹೋದ ವಿವಾದವಿದೆ. ಆ ದಿನಗಳಲ್ಲಿ ಮಾತ್ರ ಎಲ್ಲರ ಕೈಗೂ ಒಂದೇ ಮಣ್ಣು ಹತ್ತಿತು. ಗಡ್ಡೆ ಕಾವಲಿಲ್ಲದ ಜಾಗ ಎಂದು ಅಂದುಕೊಂಡವರಿಗೆ ಅದು ಉತ್ತರ.

ಇಲ್ಲಿಗೆ ಬರುವವರು ಕೆಲವು ನಡವಳಿಕೆ ತಿಳಿದಿರಬೇಕು. ಬೃಂದಾವನಗಳ ಸುತ್ತ ಎಳೆದ ಗೆರೆಯ ಹೊರಗಿನಿಂದಲೇ ಪ್ರದಕ್ಷಿಣೆ ಹಾಕಬೇಕು. ಒಳಗೆ ಮಡಿಯಲ್ಲಿರುವ ಅರ್ಚಕರಿಗಷ್ಟೇ ಪ್ರವೇಶ. ಬೃಂದಾವನವನ್ನು ಮುಟ್ಟಬಾರದು, ಗಟ್ಟಿಯಾಗಿ ಮಾತಾಡಬಾರದು. ಗಡ್ಡೆಯ ಮೇಲೆ ಅಂಗಡಿಯಿಲ್ಲ, ತಂಗುವ ವ್ಯವಸ್ಥೆಯಿಲ್ಲ. ಕುಡಿಯುವ ನೀರು ತಂದುಕೊಳ್ಳಬೇಕು, ಖಾಲಿ ಬಾಟಲಿ ಮರಳಿ ಒಯ್ಯಬೇಕು. ಕಾರ್ತಿಕ ಬಹುಳ ಚತುರ್ದಶಿಯ ಪದ್ಮನಾಭತೀರ್ಥರ ಆರಾಧನೆಗೂ ಫಾಲ್ಗುಣ ಬಹುಳ ಚತುರ್ಥಿಯ ವ್ಯಾಸರಾಯರ ಆರಾಧನೆಗೂ ಜನ ಹೆಚ್ಚು. ಆರಾಧನೆಗೆಂದೇ ಬರುವವರು ಆ ದಿನಗಳನ್ನು ಹಿಡಿಯಲಿ, ನೆಮ್ಮದಿಯಿಂದ ಕೂರಬೇಕೆನ್ನುವವರು ಬಿಡಲಿ.

ಮರಳಿ ದಂಡೆಗೆ ಬಂದಮೇಲೆ ಹೊಟ್ಟೆಗೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಆನೆಗೊಂದಿಯಲ್ಲಿ ಬಾಳೆಯ ನಾರಿನಿಂದ ಚೀಲ, ಬುಟ್ಟಿ, ಚಾಪೆ ಹೆಣೆಯುವ ಹೆಣ್ಣುಮಕ್ಕಳಿದ್ದಾರೆ. 1997ರಲ್ಲಿ ಶುರುವಾದ ಕಿಷ್ಕಿಂದ ಟ್ರಸ್ಟ್ ಈ ಕಸುಬನ್ನು ಬೆಳೆಸಿತು. ಗೊನೆ ಕಡಿದಮೇಲೆ ಹೊಲದಲ್ಲಿ ಕೊಳೆಯುತ್ತಿದ್ದ ಬಾಳೆದಿಂಡು ಈಗ ಮನೆಗೆ ಸಂಬಳ ತರುತ್ತದೆ. ಪ್ರವಾಸದ ನೆನಪಿಗೆ ಏನಾದರೂ ಒಯ್ಯಬೇಕೆಂದರೆ ದೂರದ ಊರಿನ ಪ್ಲಾಸ್ಟಿಕ್ ಗೊಂಬೆಗಿಂತ ಈ ಚೀಲ ಎಷ್ಟೋ ಮೇಲು.

ವಿರೂಪಾಪುರ ಗಡ್ಡೆ ಕಲಿಸುವ ಪಾಠ

ಆನೆಗೊಂದಿಯಿಂದ ಪಶ್ಚಿಮಕ್ಕೆ ಹೊರಟರೆ ಹನುಮನಹಳ್ಳಿಯ ಬಳಿ ಅಂಜನಾದ್ರಿ. 570ಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಮೇಲೆ ನಿಂತರೆ ಹೊಳೆ, ಗದ್ದೆ, ಬಂಡೆ, ಎದುರಿಗೆ ಹಂಪಿ ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ಹೊಳೆ ಸೀಳಿ ಮತ್ತೆ ಕೂಡುವ ಬಗೆ ಇಲ್ಲಿಂದ ಸ್ಪಷ್ಟ. ಮಾರ್ಗಶಿರದಲ್ಲಿ ಹನುಮಮಾಲೆ ವಿಸರ್ಜನೆಗೆ ಸಾವಿರಾರು ಮಾಲಾಧಾರಿಗಳು ಬರುವುದರಿಂದ ಆ ದಿನಗಳಲ್ಲಿ ರಸ್ತೆಯೂ ಮೆಟ್ಟಿಲೂ ತುಂಬಿರುತ್ತವೆ. ವಯಸ್ಸಾದವರನ್ನು ಕರೆತರುವ ಕುಟುಂಬ ಬೇರೆ ವಾರ ನೋಡಿಕೊಳ್ಳುವುದು ಒಳ್ಳೆಯದು.

ಇನ್ನೂ ಮುಂದೆ ಹೋದರೆ ವಿರೂಪಾಪುರ ಗಡ್ಡೆ. ಒಂದು ಬದಿ ಮುಖ್ಯ ಹೊಳೆ, ಇನ್ನೊಂದು ಬದಿ ಅದರ ಕವಲು. ಉತ್ತರದಿಂದ ರಸ್ತೆಯಲ್ಲೂ ಬರಬಹುದು, ಹಂಪಿಯಿಂದ ದೋಣಿಯಲ್ಲೂ ದಾಟಬಹುದು. ದೋಣಿ ಸಂಜೆ ಬೇಗ ನಿಲ್ಲುತ್ತದೆ. ಕೊನೆಯ ದೋಣಿ ತಪ್ಪಿದರೆ ಕಣ್ಣೆದುರಿಗೇ ಇರುವ ಹಂಪಿಗೆ ಹೋಗಲು ಸೇತುವೆಯ ಮೇಲೆ ದೊಡ್ಡ ಸುತ್ತು ಹಾಕಬೇಕು. ಹಾಗಾಗಿ ದಾಟಿದ ಕೂಡಲೇ ವಾಪಸು ದೋಣಿಯ ಹೊತ್ತನ್ನು ಕೇಳಿಟ್ಟುಕೊಳ್ಳಬೇಕು.

ವರ್ಷಗಟ್ಟಲೆ ಈ ಗಡ್ಡೆ ವಿದೇಶಿ ಪ್ರವಾಸಿಗರ ನೆಚ್ಚಿನ ತಂಗುದಾಣವಾಗಿತ್ತು. ಗದ್ದೆಯ ಬದುವಿನಲ್ಲಿ ಗುಡಿಸಲು, ಗುಡಿಸಲಿನ ಪಕ್ಕ ಹೋಟೆಲು, ಅದರ ಪಕ್ಕ ರೆಸಾರ್ಟು ಎಂದು ಕಟ್ಟಡಗಳು ಬೆಳೆದವು. 2019ರ ಆಗಸ್ಟಿನಲ್ಲಿ ಹೊಳೆ ಎರಡೂ ಬದಿಯಿಂದ ಏರಿದಾಗ ನೂರಾರು ಪ್ರವಾಸಿಗರು ಇಲ್ಲಿ ಸಿಕ್ಕಿಕೊಂಡರು. ದೋಣಿ, ಹೆಲಿಕಾಪ್ಟರ್ ಬಳಸಿ ಅವರನ್ನು ಹೊರತರಬೇಕಾಯಿತು. ರಕ್ಷಣೆಗೆ ಹೋದವರೇ ನೀರುಪಾಲಾಗುವ ಅಪಾಯವನ್ನು ಎದುರಿಸಿದರು. ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ 2002ರ ಕಾಯ್ದೆಯ ಪ್ರಕಾರ ಕೃಷಿ ಭೂಮಿಯಲ್ಲಿ ಎದ್ದ ಈ ಕಟ್ಟಡಗಳು ಅಕ್ರಮವೆಂದು 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮಾರ್ಚಿನಲ್ಲಿ ಅವುಗಳನ್ನು ನೆಲಸಮ ಮಾಡಿದರು.

ಇವತ್ತು ಗಡ್ಡೆಯ ಮೇಲೆ ನಡೆದರೆ ಭತ್ತದ ಹಸಿರು ಮತ್ತೆ ಮೇಲುಗೈ ಪಡೆದದ್ದು ಕಾಣುತ್ತದೆ. ಕೆಲಸ ಕಳೆದುಕೊಂಡ ಸ್ಥಳೀಯರ ಸಂಕಟ ಸಣ್ಣದಲ್ಲ. ಅಡುಗೆ ಮಾಡುತ್ತಿದ್ದವರು, ಬಾಡಿಗೆಗೆ ಬೈಕು ಕೊಡುತ್ತಿದ್ದವರು, ಹಾಸಿಗೆ ಬಟ್ಟೆ ಒಗೆಯುತ್ತಿದ್ದವರು ಒಂದೇ ತಿಂಗಳಲ್ಲಿ ಬರಿಗೈಯಾದರು, ಆಮೇಲೆ ಕೊರೊನಾ ಬಂತು. ಆದರೂ ಗಡ್ಡೆಯ ಮಣ್ಣಿನ ಮೇಲೆ ನಿಂತು ನಾಲ್ಕೂ ಕಡೆಯ ನೀರಿನ ಗುರುತು ನೋಡಿದರೆ ಒಂದು ಮಾತು ತಾನಾಗಿ ಹೊಳೆಯುತ್ತದೆ. ಹೊಳೆ ಏರಿಬರುವ ಜಾಗದಲ್ಲಿ ಜನರನ್ನು ಮಲಗಿಸಬಾರದು. ಹಗಲಿಗೆ ಬಂದು ನೋಡಿ, ಉಂಡು, ದುಡಿಯುವವರಿಗೆ ನ್ಯಾಯವಾದ ಬೆಲೆ ಕೊಟ್ಟು, ರಾತ್ರಿಗೆ ಎತ್ತರದ ದಂಡೆಗೆ ಮರಳುವ ಪ್ರವಾಸವೇ ಇಲ್ಲಿಗೆ ಹೊಂದುವುದು. ಹಾಗೆ ಬರುವವರು ಹೆಚ್ಚಿದರೆ ಅಂಬಿಗರಿಗೂ ಖಾನಾವಳಿಯವರಿಗೂ ಕಸುಬು ಉಳಿಯುತ್ತದೆ, ಗದ್ದೆಯೂ ಗದ್ದೆಯಾಗಿ ಉಳಿಯುತ್ತದೆ.

ಗಡ್ಡೆಯ ಸುತ್ತಲಿನ ನೀರು ಈಜುಕೊಳವಲ್ಲ. ಬಂಡೆಯ ಅಡಿಯಲ್ಲಿ ಬಂಡೆ, ಅದರ ಸಂದಿಯಲ್ಲಿ ಸುಳಿ. ಮೇಲೆ ಸಪ್ಪಗೆ ಕಾಣುವ ನೀರು ಒಳಗೆ ಎಳೆಯುತ್ತಿರುತ್ತದೆ. 2025ರ ಫೆಬ್ರುವರಿಯಲ್ಲಿ ಹತ್ತಿರದ ಸಾಣಾಪುರದ ಬಳಿ ಹೈದರಾಬಾದಿನ ಯುವ ವೈದ್ಯೆಯೊಬ್ಬರು ಬಂಡೆಯಿಂದ ಹೊಳೆಗೆ ಜಿಗಿದು ಜೀವ ಕಳೆದುಕೊಂಡರು. ಅದು ಪ್ರವಾಹದ ಕಾಲವೂ ಆಗಿರಲಿಲ್ಲ. ಮಕ್ಕಳಿಗೆ ನೀರಾಟ ಬೇಕೆನಿಸಿದರೆ ಊರವರು ತೋರಿಸಿದ ಮೊಣಕಾಲುದ್ದದ ಜಾಗದಲ್ಲಿ, ದೊಡ್ಡವರ ಕೈಹಿಡಿತದಲ್ಲಿ ಸಾಕು.

ಎರಡು ದಿನದ ಯೋಜನೆ

ಮೆಟ್ರಿಯವರಿಗೆ ಒಂದೇ ದಿನದಲ್ಲೂ ಮುಗಿಸಬಹುದು, ಆದರೆ ಎರಡು ದಿನ ಇಟ್ಟುಕೊಂಡರೆ ಅವಸರವಿಲ್ಲ. ಮೊದಲ ದಿನ ಕಂಪ್ಲಿ, ಬುಕ್ಕಸಾಗರ, ಆನೆಗೊಂದಿ, ನವಬೃಂದಾವನ. ರಾತ್ರಿ ಆನೆಗೊಂದಿ ಅಥವಾ ಹನುಮನಹಳ್ಳಿಯ ಕಡೆ ಮನೆವಾಸ. ಪರವಾನಗಿ ಇದೆಯೇ ಎಂದು ಕೇಳಿಯೇ ಕೋಣೆ ಗೊತ್ತುಮಾಡಬೇಕು. ಎರಡನೆಯ ದಿನ ಬೆಳಿಗ್ಗೆ ತಂಪಿನಲ್ಲಿ ಅಂಜನಾದ್ರಿ, ಆಮೇಲೆ ವಿರೂಪಾಪುರ ಗಡ್ಡೆ, ದೋಣಿಯಲ್ಲಿ ಹಂಪಿ, ಸಂಜೆ ಕಮಲಾಪುರದ ಮೇಲೆ ಮನೆಗೆ. ಸ್ವಂತ ವಾಹನ ಉತ್ತರ ದಂಡೆಯಲ್ಲಿ ಉಳಿಯುತ್ತದೆ ಎಂಬುದು ನೆನಪಿರಲಿ. ವಾಹನದಲ್ಲಿ ಬಂದವರು ದೋಣಿಯ ಆಸೆ ಬಿಟ್ಟು ಸೇತುವೆಯಿಂದಲೇ ತಿರುಗಬೇಕು. ದೋಣಿ ದಾಟಬೇಕೆನ್ನುವವರು ಬಸ್ಸು, ಆಟೊ ನಂಬಬೇಕು. ದೂರದಿಂದ ಬರುವ ನೆಂಟರಿಗೆ ಹೊಸಪೇಟೆ ರೈಲು ನಿಲ್ದಾಣ ಅನುಕೂಲ. ಅಲ್ಲಿಂದ ಹಂಪಿ ಸುಮಾರು 13 ಕಿ.ಮೀ. ಉತ್ತರ ದಂಡೆಗೇ ಇಳಿಯಬೇಕೆಂದರೆ 2019ರಿಂದ ಗಂಗಾವತಿಗೂ ರೈಲಿದೆ.

ಚೀಲದಲ್ಲಿ ಬೇಕಾದದ್ದು ಹೆಚ್ಚಿಲ್ಲ. ನೀರು, ತಲೆಗೆ ಟವೆಲ್ಲು ಇಲ್ಲವೇ ಟೋಪಿ, ಬಂಡೆಯ ಮೇಲೆ ಜಾರದ ಚಪ್ಪಲಿ, ಗುಡಿಗೆ ಒಪ್ಪುವ ಬಟ್ಟೆ, ಫೋನಿಗೆ ನೀರು ತಾಗದಂತೆ ಒಂದು ಪ್ಲಾಸ್ಟಿಕ್ ಚೀಲ, ಅಂಬಿಗರಿಗೆ ಕೊಡಲು ಚಿಲ್ಲರೆ ನೋಟು. ಕತ್ತಲಾದ ಮೇಲೆ ಹೊಳೆದಂಡೆ, ಕೆರೆದಂಡೆ, ಕಾಲುವೆ ಏರಿಗಳಲ್ಲಿ ಕೂರಬಾರದು. ಚಿರತೆ, ಕರಡಿಗಳ ಸೀಮೆಯಿದು.

ಎಲ್ಲಕ್ಕಿಂತ ಮುಖ್ಯವಾಗಿ, ಯೋಜನೆಯಲ್ಲಿ ಹೊಳೆ ಬೇಡವೆಂದ ದಿನಕ್ಕೂ ಒಂದು ಜಾಗ ಇರಬೇಕು. ನೀರು ಏರಿದ್ದರೆ ಆನೆಗೊಂದಿಯ ಹುಚ್ಚಪ್ಪಯ್ಯನ ಮಠದ ಕಂಬಗಳಿವೆ, ಚಿಂತಾಮಣಿ ಮಠವಿದೆ, ಪಂಪಾ ಸರೋವರವಿದೆ. ಕಮಲಾಪುರದ ಬಳಿ ದರೋಜಿ ಕರಡಿಧಾಮವಿದೆ. ಇವಾವುದಕ್ಕೂ ಹೊಳೆ ದಾಟುವ ಹರಿಗೋಲು ಬೇಕಿಲ್ಲ. ದೋಣಿ ನಿಂತಿದೆ ಎಂದು ಅಂಬಿಗರ ಜೊತೆ ಜಗಳ ತೆಗೆಯುವ, ಹೆಚ್ಚು ದುಡ್ಡಿನ ಆಸೆ ತೋರಿಸುವ ಪ್ರವಾಸಿಗರು ತಮ್ಮ ಜೀವದ ಜೊತೆಗೆ ಅವರ ಜೀವವನ್ನೂ ಪಣಕ್ಕಿಡುತ್ತಾರೆ. ನಡುಗಡ್ಡೆಗಳು ಶತಮಾನಗಳಿಂದ ಅಲ್ಲೇ ಇವೆ, ಮುಂದಿನ ವಾರವೂ ಇರುತ್ತವೆ. ಮೆಟ್ರಿಯ ರೈತ ಕಾಲುವೆಯ ಸರದಿಗೆ ಕಾಯುವ ತಾಳ್ಮೆಯನ್ನು ರಜೆಗೂ ತಂದರೆ ಸಾಕು, ಈ ಎರಡು ಗಡ್ಡೆಗಳು ಮನೆಯವರೆಲ್ಲರಿಗೂ ಸಿಗುತ್ತವೆ, ಸುಖವಾಗಿ ಮನೆಗೂ ಮುಟ್ಟಿಸುತ್ತವೆ.